ರಬಾಳೆಯಲ್ಲಿ ಬೆಳೆಯುವ ಪ್ರತಿಕಾಯ

ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ಐರೋಲಿ ದಾಟಿದರೆ ನವಿಮುಂಬಯಿಯ ರಬಾಳೆ. ಥಾಣೆ–ಬೇಲಾಪುರ ರಸ್ತೆಯನ್ನು ಹಿಡಿದು ಉದ್ದಕ್ಕೂ ಎಂಐಡಿಸಿಯ ಕಾರ್ಖಾನೆಗಳು. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದ ಎಷ್ಟೋ ಕನ್ನಡ ಕುಟುಂಬಗಳಿಗೆ ಶಿಫ್ಟು, ಬೋನಸ್ಸು, ಕ್ಯಾಂಟೀನುಗಳ ಮೂಲಕ ಪರಿಚಿತವಾದ ಪ್ರದೇಶ ಇದು. ಇಲ್ಲಿನ ಆರ್-282ನೇ ಪ್ಲಾಟಿನಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್ ಕಂಪನಿಯ ಧೀರೂಭಾಯಿ ಅಂಬಾನಿ ಲೈಫ್ ಸೈನ್ಸಸ್ ಸೆಂಟರ್ ಇದೆ. ಜೀವಕೋಶಗಳನ್ನು ಸಾಕಿ, ಅವುಗಳಿಂದ ಔಷಧ ತೆಗೆಯುವುದು ಇಲ್ಲಿನ ಕಸುಬು. ಆ ಔಷಧಗಳಲ್ಲಿ ಕೆಲವು ಕೀಲುಗಳನ್ನು ಕಾಪಾಡುತ್ತವೆ. ಅವುಗಳ ಮೂಲ ಹುಡುಕಿಕೊಂಡು ಹೋದರೆ ಲಂಡನ್ನಿನ ಒಂದು ಪ್ರಯೋಗಾಲಯ, ಅಲ್ಲಿ ಜೊತೆಯಾಗಿ ದುಡಿದ ಇಬ್ಬರು ವಿಜ್ಞಾನಿಗಳು ಸಿಗುತ್ತಾರೆ.

ಮೊದಲು ಕಾಯಿಲೆಯ ಮಾತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಬೆರಳಿನ ಬುಡದ ಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ರೀತಿ ಊದಿರುತ್ತವೆ. ಉಂಗುರ ಕಳಚುವುದಿಲ್ಲ, ಚಪಾತಿ ಹಿಟ್ಟು ನಾದಲಾಗುವುದಿಲ್ಲ. ಈ ಬಿಗಿತ ಬಿಡಲು ಒಂದು ಗಂಟೆಯಾದರೂ ಬೇಕು. ಮನೆಯಲ್ಲಿ ಇದಕ್ಕೆ ‘ವಾತ’ ಎಂದು ಹೇಳಿ ಎಣ್ಣೆ ತಿಕ್ಕುತ್ತಾರೆ, ವಯಸ್ಸಿನ ಮೇಲೆ ಹಾಕುತ್ತಾರೆ. ಆದರೆ ರುಮಟಾಯ್ಡ್ ಸಂಧಿವಾತ ಮುಪ್ಪಿನ ಸವೆತವಲ್ಲ. ಮೂವತ್ತು, ನಲವತ್ತರ ಹರೆಯದಲ್ಲೂ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಸೋಂಕಿನಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನೊಳಗಿನ ಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ದಪ್ಪವಾಗಿ ಮೂಳೆಯನ್ನು ಕೊರೆಯುತ್ತದೆ. ಒಮ್ಮೆ ಕೊರೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಎಣ್ಣೆ ತಿಕ್ಕುತ್ತ ಕಳೆದುಹೋಗುವ ಮೊದಲ ತಿಂಗಳುಗಳ ಬಗ್ಗೆ ನನಗೆ ಇಷ್ಟು ಸಂಕಟವಾಗುವುದು ಅದಕ್ಕೇ.

ದೇಹ ತನ್ನನ್ನೇ ಹೊಡೆದುಕೊಳ್ಳುತ್ತದೆ ಎಂಬುದನ್ನು ವಿಜ್ಞಾನಿಗಳೂ ಬಹುಕಾಲ ನಂಬಲಿಲ್ಲ. ಪ್ರಕೃತಿ ಅಂಥದ್ದಕ್ಕೆ ಎಡೆ ಕೊಡಲಾರದು ಎಂಬ ಜರ್ಮನಿಯ ಪಾಲ್ ಎರ್ಲಿಶ್ ಅವರ ವಿಚಾರ ಇಪ್ಪತ್ತನೆಯ ಶತಮಾನದ ಮೊದಲರ್ಧವನ್ನೆಲ್ಲ ಆಳಿತು. ಅಮೆರಿಕದ ಬಫಲೋದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳ ಥೈರಾಯ್ಡ್‌ನ ಸಾರವನ್ನು ಮೊಲಗಳಿಗೇ ಚುಚ್ಚಿ ನೋಡಿದರು. ಮೊಲಗಳು ಅದರ ವಿರುದ್ಧ ಪ್ರತಿಕಾಯ ಎಂಬ ರಕ್ಷಣಾ ಪ್ರೋಟೀನು ತಯಾರಿಸಿದವು, ಅವುಗಳ ಥೈರಾಯ್ಡ್ ಕೆಟ್ಟಿತು. 1956ರಲ್ಲಿ ಇದು ಪ್ರಕಟವಾದ ಮೇಲೆ ಹಳೆಯ ನಂಬಿಕೆ ಸಡಿಲಗೊಂಡಿತು.

ಲಂಡನ್ನಿನ ಇಬ್ಬರಲ್ಲಿ ಒಬ್ಬರು ರವೀಂದರ್ ಮೈನಿ. 1937ರಲ್ಲಿ ಲುಧಿಯಾನದಲ್ಲಿ ಹುಟ್ಟಿ, ಉಗಾಂಡಾದಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಓದಿ ಕೀಲುರೋಗಗಳ ವೈದ್ಯರಾದವರು. ಇನ್ನೊಬ್ಬರು ಮಾರ್ಕ್ ಫೆಲ್ಡ್‌ಮನ್, ಪೋಲೆಂಡಿನಿಂದ ಫ್ರಾನ್ಸಿಗೆ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ ಕುಟುಂಬದ ಮಗ, ರೋಗನಿರೋಧ ವಿಜ್ಞಾನಿ. ಜೀವಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಸೈಟೊಕೈನ್ ಎಂಬ ಪ್ರೋಟೀನುಗಳೇ ಸ್ವಯಂನಿರೋಧಕ ರೋಗಗಳನ್ನು ಉರಿಸುತ್ತಿವೆಯೇ ಎಂಬ ಪ್ರಶ್ನೆಯನ್ನು ಫೆಲ್ಡ್‌ಮನ್ 1983ರಿಂದಲೇ ಬೆನ್ನಟ್ಟಿದ್ದರು. ಊದಿದ ಕೀಲಿನಲ್ಲಿ ಇಂಥವು ಒಂದೆರಡಲ್ಲ, ಹತ್ತಾರು ಇರುತ್ತವೆ. ಒಂದನ್ನು ತಡೆದರೆ ಉಳಿದವು ಸುಮ್ಮನಿರುತ್ತವೆಯೇ ಎಂದು ಹೆಚ್ಚಿನವರು ತಲೆಯಾಡಿಸಿದರು.

ಉತ್ತರ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರೋಗಿಗಳ ಕೀಲುಪೊರೆಯಿಂದ. ಅದರ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಟಿಎನ್‌ಎಫ್ ಎಂಬ ಒಂದೇ ಸೈಟೊಕೈನನ್ನು ಪ್ರತಿಕಾಯದಿಂದ ತಡೆದಾಗ ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದರ ಉತ್ಪತ್ತಿಯೂ ಇಳಿಯಿತು. ಅಂದರೆ ಟಿಎನ್‌ಎಫ್ ಸರಪಳಿಯ ಮೇಲ್ತುದಿಯಲ್ಲಿದೆ. ಫಿಯೊನುಲಾ ಬ್ರೆನ್ನನ್ ಮೊದಲ ಲೇಖಕಿಯಾಗಿದ್ದ ಆ ಪ್ರಬಂಧ 1989ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಪ್ರಯೋಗ ಅದೇ. ಪ್ರಶಸ್ತಿಗಳ ಪಟ್ಟಿಯಲ್ಲಿ ಬ್ರೆನ್ನನ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ, ಕೇಳಿಬರಬೇಕಿತ್ತು.

ಮನುಷ್ಯರಿಗೆ ಕೊಡಲು ಔಷಧ ಬೇಕಲ್ಲ? ಸೆಂಟೊಕಾರ್ ಎಂಬ ಅಮೆರಿಕದ ಕಂಪನಿಯ ಕೈಯಲ್ಲಿ ಒಂದು ಟಿಎನ್‌ಎಫ್-ವಿರೋಧಿ ಪ್ರತಿಕಾಯವಿತ್ತು. ರಕ್ತ ನಂಜಾಗುವ ಸೆಪ್ಸಿಸ್‌ಗೆಂದು ಪರೀಕ್ಷೆಯಾಗುತ್ತಿದ್ದ ವಸ್ತು ಅದು. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಯಾವ ಮದ್ದಿಗೂ ಬಗ್ಗದ 20 ರೋಗಿಗಳಿಗೆ ಅದನ್ನು ಕೊಟ್ಟರು. ನೋವು, ಊತ ಇಳಿದವು. ಔಷಧದ ಪ್ರಭಾವ ತೀರಿದ ಮೇಲೆ ರೋಗ ಮರಳಿತು, ಮತ್ತೆ ಕೊಟ್ಟಾಗ ಮತ್ತೆ ಇಳಿಯಿತು. ಬಳಿಕ 73 ಮಂದಿಯ ಮೇಲೆ ನಡೆದ, ಯಾರಿಗೆ ಏನು ಕೊಟ್ಟಿದ್ದೆಂದು ಗುಟ್ಟಾಗಿಟ್ಟ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ನಾಲ್ಕು ವಾರಗಳ ಬಳಿಕ ಗುಣ ಕಂಡವರು ಹುಸಿ ಔಷಧ ಪಡೆದವರಲ್ಲಿ ಶೇ 8, ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಶೇ 79. ಆ ಔಷಧವೇ ಇನ್‌ಫ್ಲಿಕ್ಸಿಮ್ಯಾಬ್. 2003ರಲ್ಲಿ ಮೈನಿ ಮತ್ತು ಫೆಲ್ಡ್‌ಮನ್ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು.

ಇಂಥ ಪರೀಕ್ಷೆಗಳಲ್ಲಿ ‘ಗುಣ’ವನ್ನು ಅಳೆಯುವ ಬಗೆ ಸರಳವಾಗಿದೆ. ವೈದ್ಯರು ಒಂದೊಂದೇ ಕೀಲನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ತಮ್ಮ ಉಗುರಿನ ಅಡಿ ಬೆಳ್ಳಗಾಗುವಷ್ಟು ಒತ್ತು ಸಾಕು, ಅದಕ್ಕಿಂತ ಹೆಚ್ಚು ಬೇಡ. ನೋಯುವುದೆಷ್ಟು, ಊದಿರುವುದೆಷ್ಟು ಎಂದು ಬೇರೆಬೇರೆಯಾಗಿ ಎಣಿಸುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು, ಮೊಣಕಾಲು ಸೇರಿ 28 ಕೀಲುಗಳ ಲೆಕ್ಕ ಈಗ ಎಲ್ಲೆಡೆ ಬಳಕೆಯಲ್ಲಿದೆ.

ಇನ್ನು ರಬಾಳೆಗೆ ಬರೋಣ. ಆಸ್ಪಿರಿನ್‌ನ ಅಣುತೂಕ 180, ಇನ್‌ಫ್ಲಿಕ್ಸಿಮ್ಯಾಬ್‌ನದು ಸುಮಾರು 1,49,000. ಇಷ್ಟು ದೊಡ್ಡ ಪ್ರೋಟೀನನ್ನು ರಾಸಾಯನಿಕಗಳನ್ನು ಬೆರೆಸಿ ಮಾಡಲಾಗದು, ಜೀವಕೋಶವೇ ನೇಯಬೇಕು. ಇಂಥ ಔಷಧಗಳಿಗೆ ಹೆಚ್ಚಾಗಿ ಬಳಸುವುದು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಬಂದ ಕೋಶಗಳನ್ನು. ಬೇಕಾದ ಜೀನನ್ನು ಸೇರಿಸಿದ ಕೋಶಗಳ ಸಣ್ಣ ಶೀಶೆಯೊಂದನ್ನು ದ್ರವ ಸಾರಜನಕದಿಂದ ತೆಗೆದು, ಚಿಕ್ಕ ಫ್ಲಾಸ್ಕಿನಿಂದ ದೊಡ್ಡದಕ್ಕೆ, ಅಲ್ಲಿಂದ ಬಯೋರಿಯಾಕ್ಟರ್ ಎಂಬ ತೊಟ್ಟಿಗೆ ಬೆಳೆಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಹೆಪ್ಪು ಹಾಕಿ ಹಾಲನ್ನು ಮೊಸರಾಗಿಸುವವರಿಗೆ ಈ ಆತಂಕ ಅರ್ಥವಾದೀತು: ಬಿಸಿ ಸ್ವಲ್ಪ ಏರಿದರೂ ಇಳಿದರೂ ಕೆಟ್ಟಿತು. ಶಾಖ 37 ಡಿಗ್ರಿಯ ಆಸುಪಾಸು, ಆಮ್ಲಜನಕ, ಆಮ್ಲೀಯತೆ, ಗ್ಲೂಕೋಸ್ ಎಲ್ಲದರ ಮೇಲೂ ಹಗಲಿರುಳು ಕಣ್ಣಿಡಬೇಕು. ಎರಡು ವಾರಗಳ ಬಳಿಕ ಕೋಶಗಳನ್ನು ಬೇರ್ಪಡಿಸಿ, ಪ್ರತಿಕಾಯವನ್ನಷ್ಟೇ ಹಿಡಿದಿಡುವ ಪ್ರೋಟೀನ್-ಎ ಕಾಲಮ್ಮಿನಲ್ಲಿ ಹಾಯಿಸಿ, ಆಮ್ಲದಿಂದ ವೈರಸ್ಸುಗಳನ್ನು ಕೊಂದು, ಅತಿಸೂಕ್ಷ್ಮ ಜರಡಿಗಳಲ್ಲಿ ಸೋಸಿ ವಯಲ್‌ಗೆ ತುಂಬುತ್ತಾರೆ. ಅಲ್ಲಿಂದ ರೋಗಿಯ ತೋಳು ತಲುಪುವ ತನಕ 2ರಿಂದ 8 ಡಿಗ್ರಿಯ ತಂಪು ತಪ್ಪಬಾರದು.

ಮೂಲ ಔಷಧವನ್ನು ಹೋಲುವ ‘ಬಯೋಸಿಮಿಲರ್’ಗಳಿಗೆ ಭಾರತ ಸರ್ಕಾರ 2012ರಲ್ಲಿ ಮಾರ್ಗಸೂಚಿ ತಂದಿತು. 2014ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್‌ನ ಒಂದು ಬಯೋಸಿಮಿಲರ್‌ಗೆ ಇಲ್ಲಿ ಅನುಮತಿ ಸಿಕ್ಕಿತು. ರೂಪಿಸಿದ್ದು ಬೋಸ್ಟನ್ನಿನ ಎಪಿರಸ್, ತಯಾರಿಕೆ ರಿಲಯನ್ಸ್ ಲೈಫ್ ಸೈನ್ಸಸ್‌ನದು, ಆಗ ಮಾರಾಟ ರಾನ್‌ಬಾಕ್ಸಿಯದು. ಅದರ ಮುಖ್ಯ ಪರೀಕ್ಷೆ ನಡೆದದ್ದು ನಮ್ಮದೇ ದೇಶದ ಸಂಧಿವಾತ ರೋಗಿಗಳ ಮೇಲೆ. ಬೆಲೆ ಮೂಲ ಔಷಧಕ್ಕಿಂತ ಕಡಿಮೆಯಾದರೂ ಮಧ್ಯಮ ವರ್ಗಕ್ಕೆ ಹಗುರವಾದದ್ದಲ್ಲ. ಮೊದಲ ಆರು ವಾರಗಳಲ್ಲಿ ಮೂರು ಡ್ರಿಪ್, ನಂತರ ಎಂಟು ವಾರಕ್ಕೊಂದರಂತೆ ವರ್ಷಗಟ್ಟಲೆ ನಡೆಯುವ ಖರ್ಚು ಅದು. ಹಾಗಾಗಿ ಇಂದಿಗೂ ಚಿಕಿತ್ಸೆ ಶುರುವಾಗುವುದು ಅಗ್ಗದ ಮೆಥೊಟ್ರೆಕ್ಸೇಟ್‌ನಿಂದಲೇ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ.

ನಮ್ಮ ಊರುಗಳಲ್ಲಿ ಈ ಔಷಧಕ್ಕೆ ಇನ್ನೊಂದು ಎಚ್ಚರಿಕೆಯೂ ಅಂಟಿಕೊಂಡಿದೆ. ಟಿಎನ್‌ಎಫ್ ಕೀಲಿಗೆ ಶತ್ರುವಾದರೂ ಶ್ವಾಸಕೋಶದಲ್ಲಿ ಅಡಗಿ ಕೂತ ಕ್ಷಯದ ಬ್ಯಾಕ್ಟೀರಿಯಾವನ್ನು ಗಂಟುಕಟ್ಟಿ ಹಿಡಿದಿಡುವುದೂ ಅದೇ. ಅದನ್ನು ತಡೆದರೆ ಮಲಗಿದ್ದ ಕ್ಷಯ ಎದ್ದು ಕೂರಬಹುದು. 2001ರಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕಂಡ 70 ಕ್ಷಯ ಪ್ರಕರಣಗಳ ವರದಿ ಬಂದಿತ್ತು. ಅದಕ್ಕೇ ಮೊದಲ ಡ್ರಿಪ್‌ಗೆ ಮುನ್ನ ಎದೆಯ ಎಕ್ಸ್‌ರೇ, ಮಾಂಟೂ ಎಂಬ ಚರ್ಮಪರೀಕ್ಷೆ ಅಥವಾ ರಕ್ತಪರೀಕ್ಷೆ ಕಡ್ಡಾಯ ಎಂದೇ ತಿಳಿಯಬೇಕು. ಮುಂಬಯಿಯಂಥ ದಟ್ಟಣೆಯ ಊರಿನಲ್ಲಿ ಈ ಪರೀಕ್ಷೆಗಳನ್ನು ತಪ್ಪಿಸುವುದು ಆಟದ ಮಾತಲ್ಲ.

ರಿಲಯನ್ಸ್ ಲೈಫ್ ಸೈನ್ಸಸ್ ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವನ್ನೂ ತಯಾರಿಸುತ್ತದೆ. ರಕ್ತದ ಕ್ಯಾನ್ಸರ್‌ಗೆಂದು ಬಂದ ಈ ಔಷಧ, ಪ್ರತಿಕಾಯಗಳ ತವರಾದ ಬಿ ಕೋಶಗಳನ್ನು ನಾಶಮಾಡುತ್ತದೆ. ಸಂಧಿವಾತದಲ್ಲೂ ಇದು ಫಲ ಕೊಡುತ್ತದೆಂದು ಲಂಡನ್ನಿನ ಜೊನಾಥನ್ ಎಡ್ವರ್ಡ್ಸ್ ಅವರ ತಂಡ 2004ರಲ್ಲಿ ತೋರಿಸಿತು. ಆದರೆ ಅಂಗಾಂಶಗಳ ಆಳದಲ್ಲಿರುವ ಬಿ ಕೋಶಗಳು ಅದರಿಂದ ತಪ್ಪಿಸಿಕೊಳ್ಳುತ್ತವೆ.

ಅಲ್ಲಿಗೂ ತಲುಪುವ ದಾರಿಯನ್ನು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗಿಯೋರ್ಗ್ ಶೆಟ್ ಮತ್ತು ಸಂಗಡಿಗರು ಹಿಡಿದರು. ರೋಗಿಯದೇ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಹೊರತೆಗೆದು, ಬಿ ಕೋಶಗಳನ್ನು ಬೇಟೆಯಾಡುವಂತೆ ತಿದ್ದಿ ಮರಳಿ ಸೇರಿಸುವ ಕಾರ್-ಟಿ ಚಿಕಿತ್ಸೆಯನ್ನು, ಮತ್ತಾವುದಕ್ಕೂ ಜಗ್ಗದ ಲೂಪಸ್ ಎಂಬ ಸ್ವಯಂನಿರೋಧಕ ರೋಗ ಇದ್ದ ಐವರಿಗೆ ಕೊಟ್ಟರು. ಐವರಲ್ಲೂ ರೋಗ ತಣಿಯಿತು, ಬೇರೆ ಔಷಧಗಳನ್ನು ನಿಲ್ಲಿಸಲಾಯಿತು ಎಂದು 2022ರಲ್ಲಿ ಪ್ರಕಟಿಸಿದರು. ಸರಾಸರಿ 110 ದಿನಗಳಲ್ಲಿ ಹೊಸ ಬಿ ಕೋಶಗಳು ಹುಟ್ಟಿಕೊಂಡವು, ಆ ನಂತರವೂ ರೋಗ ಮರುಕಳಿಸಿರಲಿಲ್ಲ. ಐವರೇ, ಅದೂ ತಿಂಗಳುಗಳ ಲೆಕ್ಕ. ಆದರೂ ಜೀವನವಿಡೀ ಮದ್ದು ನುಂಗುವವರಿಗೆ ಇದು ಸಣ್ಣ ಸುದ್ದಿಯಲ್ಲ. ಈ ಕಾರ್-ಟಿ ವಿದ್ಯೆ ನಮ್ಮಲ್ಲೂ ಇದೆ. ಮುಂಬಯಿ ಐಐಟಿಯ ರಾಹುಲ್ ಪುರ್ವಾರ್ ಅವರ ಸಂಶೋಧನೆಯಿಂದ ಹುಟ್ಟಿದ ಇಮ್ಯುನೊಆಕ್ಟ್ ಕಂಪನಿಯ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ಗೆ. ಅದು ಗುರಿಯಿಡುವುದೂ ಎರ್ಲಾಂಗೆನ್‌ನವರು ಗುರಿಯಿಟ್ಟ ಸಿಡಿ19 ಎಂಬ ಗುರುತಿಗೇ. ಆ ಕೋಶಗಳನ್ನು ತಿದ್ದುವ ಘಟಕ ಇರುವುದು ನವಿಮುಂಬಯಿಯಲ್ಲೇ.