ಪ್ರತಿನಾಯಕರ ನೆಲೆ: ಚಿಕ್ಕೋಡಿ–ಅಥಣಿ ಸೀಮೆಯ ಕಥಾಪರಂಪರೆ ಮತ್ತು ಕಿಶೋರ ಓದುಗರು

ಅದ್ಭುತ ಕಥೆಗಳನ್ನು ಓದುವ ಹರೆಯದವರಿಗೆ ನಾಯಕನಿಗಿಂತ ಪ್ರತಿನಾಯಕನೇ ಹೆಚ್ಚು ಹಿಡಿಸುತ್ತಾನೆ ಎಂಬುದು ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೂ ಶಿಕ್ಷಕರಿಗೂ ಚೆನ್ನಾಗಿ ತಿಳಿದ ಸಂಗತಿ. 1997ರಿಂದ 2007ರವರೆಗೆ ಪ್ರಕಟವಾದ ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಸ್ನೇಪ್ ಎಂಬ ಕಹಿ ಸ್ವಭಾವದ ಅಧ್ಯಾಪಕನ ಪಾತ್ರವು ಜಗತ್ತಿನ ಕಿಶೋರರನ್ನು ಹತ್ತು ವರ್ಷ ಕಾಲ ಚರ್ಚೆಗೆ ಹಚ್ಚಿತು. ಅವನು ಕೆಟ್ಟವನೋ ಒಳ್ಳೆಯವನೋ ಎಂಬುದು ಕೊನೆಯ ಸಂಪುಟದವರೆಗೂ ಇತ್ಯರ್ಥವಾಗಲಿಲ್ಲ. ಈ ಬಗೆಯ ಪಾತ್ರಗಳು ನಮ್ಮಲ್ಲಿಲ್ಲ, ನಮ್ಮ ಕಥೆಗಳಲ್ಲಿ ರಾಕ್ಷಸರು ರಾಕ್ಷಸರೇ, ದೇವರು ದೇವರೇ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಥಾಪರಂಪರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಈ ಲೇಖನದಲ್ಲಿ ಆ ಪರಂಪರೆಯ ಕೆಲವು ಪಾತ್ರಗಳನ್ನು ಪರಿಶೀಲಿಸಲಾಗಿದೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಬೇಸಾಯವನ್ನೇ ನಂಬಿದ ಜೈನ ಸಮುದಾಯ ದಟ್ಟವಾಗಿದೆ. ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಆಡುವ ಜನ. ಇಲ್ಲಿನ ಬಸದಿಗಳಲ್ಲಿ ನಡೆಯುವ ಶಾಸ್ತ್ರಶ್ರವಣದ ಮೂಲಕ ಮಕ್ಕಳ ಕಿವಿಗೆ ಬೀಳುವ ರಾಮಕಥೆಯು ವಾಲ್ಮೀಕಿಯ ದಾರಿಯದಲ್ಲ. ಜೈನ ಪುರಾಣಗಳು 63 ಮಂದಿ ಶಲಾಕಾಪುರುಷರನ್ನು ಎಣಿಸುತ್ತವೆ: 24 ತೀರ್ಥಂಕರರು, 12 ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಒಂಬತ್ತು ಪ್ರತಿವಾಸುದೇವರು. ಈ ಕೊನೆಯ ಗುಂಪಿನಲ್ಲಿ ರಾವಣ ಎಂಟನೆಯವನು, ಜರಾಸಂಧ ಒಂಬತ್ತನೆಯವನು. ಎದುರಾಳಿಯನ್ನು ಮಹಾಪುರುಷರ ಪಟ್ಟಿಯಲ್ಲಿಯೇ ಸೇರಿಸಿಕೊಂಡ ಈ ಲೆಕ್ಕಾಚಾರವು ಸಣ್ಣ ಮಾತಲ್ಲ. ಪ್ರತಿವಾಸುದೇವನು ವಾಸುದೇವನ ಕೈಯಲ್ಲಿ ಸಾಯುತ್ತಾನೆ, ನರಕಕ್ಕೂ ಹೋಗುತ್ತಾನೆ. ಆದರೆ ಅವನ ಶಕ್ತಿ, ವಿದ್ಯೆ, ಭಕ್ತಿಗಳನ್ನು ಯಾರೂ ಅಲ್ಲಗಳೆಯುವುದಿಲ್ಲ. ರಾವಣನಿಗಂತೂ ಮುಂದೊಂದು ಜನ್ಮದಲ್ಲಿ ತೀರ್ಥಂಕರ ಪದವಿಯೂ ಕಾದಿರುತ್ತದೆ.

ಸುಮಾರು 1100ರ ಹೊತ್ತಿಗೆ ನಾಗಚಂದ್ರನು ರಚಿಸಿದ ‘ರಾಮಚಂದ್ರಚರಿತ ಪುರಾಣ’ದ ರಾವಣನು ಈ ದೃಷ್ಟಿಯ ಅತ್ಯುತ್ತಮ ಫಲ. ತನ್ನನ್ನು ಬಯಸಿ ಬಂದ ಉಪರಂಭೆಗೆ ಬುದ್ಧಿ ಹೇಳಿ ಹಿಂದೆ ಕಳಿಸಿದವನು ಅವನು. ಒಲ್ಲದ ಹೆಣ್ಣನ್ನು ಮುಟ್ಟೆನೆಂದು ಮುನಿಯ ಮುಂದೆ ವ್ರತ ತೊಟ್ಟವನು. ಅಂಥವನ ಮನಸ್ಸು ಸೀತೆಯನ್ನು ಕಂಡೊಡನೆ ಕದಡುತ್ತದೆ. ವ್ರತ ಮಾತ್ರ ಮುರಿಯುವುದಿಲ್ಲ. ಕೊನೆಗೆ ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು ಬಂದು ಸೀತೆಯನ್ನು ಹೆದರಿಸಿದಾಗ ಅವಳು ರಾಮನ ಚಿಂತೆಯಿಂದ ಮೂರ್ಛೆ ಹೋಗುತ್ತಾಳೆ. ಅಲ್ಲಿ ಅವನ ಕಣ್ಣು ತೆರೆಯುತ್ತದೆ. ಅವಳನ್ನು ಹಿಂದಿರುಗಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ತನ್ನನ್ನು ಹೇಡಿಯೆಂದೀತು. ಆದ್ದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಒಪ್ಪಿಸುತ್ತೇನೆಂದುಕೊಳ್ಳುತ್ತಾನೆ. ಪಶ್ಚಾತ್ತಾಪಕ್ಕೂ ಅಭಿಮಾನಕ್ಕೂ ನಡುವೆ ಸಿಕ್ಕಿಕೊಂಡ ಈ ಒಂದು ದಿನದಲ್ಲಿಯೇ ಅವನ ನಾಶವಿದೆ. ಹದಿನೈದು ವರ್ಷದ ಹುಡುಗನಿಗೆ ಇದು ಅರ್ಥವಾಗದು ಎನ್ನುವವರು ಆ ವಯಸ್ಸಿನ ಹುಡುಗರ ಹಟವನ್ನು ಕಂಡಿಲ್ಲ.

ಈ ಸೀಮೆಗೂ ಇಂಥ ಪಾತ್ರಗಳ ಅಧ್ಯಯನಕ್ಕೂ ಇನ್ನೊಂದು ನೇರವಾದ ಸಂಬಂಧವಿದೆ. ಪ್ರಾಕೃತ ಸಾಹಿತ್ಯದ ಮಹಾವಿದ್ವಾಂಸ ಡಾ. ಆ. ನೇ. ಉಪಾಧ್ಯೆ 1906ರಲ್ಲಿ ಹುಟ್ಟಿದ್ದು ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; 1975ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ನೆನಪಾಗುವುದು ಸಿದ್ಧಾಂತಗ್ರಂಥಗಳ ಸಂಪಾದನೆ. ಅವರು ಕೈಹಚ್ಚಿದ ಕಥಾಗ್ರಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಕಳ್ಳರು, ಠಕ್ಕರು, ಕೊಲೆಗಾರರು, ಮಿತ್ರದ್ರೋಹಿಗಳ ಒಂದು ದೊಡ್ಡ ಸಭೆ.

1944ರಲ್ಲಿ ಅವರ ವಿಮರ್ಶಾತ್ಮಕ ಅಧ್ಯಯನದೊಂದಿಗೆ ಬೆಳಕು ಕಂಡ ಹರಿಭದ್ರನ ‘ಧೂರ್ತಾಖ್ಯಾನ’ದಲ್ಲಿ ಉಜ್ಜಯಿನಿಯ ಹೊರವಲಯದಲ್ಲಿ ಐವರು ಧೂರ್ತನಾಯಕರು ಸೇರುತ್ತಾರೆ. ಒಬ್ಬೊಬ್ಬರೂ ನಂಬಲಾಗದ ಅನುಭವವೊಂದನ್ನು ಹೇಳಬೇಕು, ಉಳಿದವರು ಪುರಾಣಗಳ ಆಧಾರದಿಂದ ಅದನ್ನು ನಿಜವೆಂದು ಸಮರ್ಥಿಸಬೇಕು. ಇದು ಅಲ್ಲಿನ ಪಣ. ಗೆಲ್ಲುವವಳು ಖಂಡಪಾನಾ ಎಂಬ ಹೆಂಗಸು. ಅವಳ ಜಾಣತನವನ್ನು ಮೆಚ್ಚದೆ ಯಾವ ಓದುಗನೂ ಪುಸ್ತಕವನ್ನು ಕೆಳಗಿಡಲಾರ.

ಇದಕ್ಕಿಂತ ಗಂಭೀರವಾದುದು ಉದ್ಯೋತನಸೂರಿಯು 779ರಲ್ಲಿ ಜಾಲೋರಿನಲ್ಲಿ ಮುಗಿಸಿದ ‘ಕುವಲಯಮಾಲಾ’. ಉಪಾಧ್ಯೆಯವರು ಇದರ ಮೂಲಪಾಠವನ್ನು 1959ರಲ್ಲಿ ಪ್ರಕಟಿಸಿದರು. ಕ್ರೋಧ, ಮಾನ, ಮಾಯೆ, ಲೋಭ, ಮೋಹ ಎಂಬ ಐದು ದೋಷಗಳಿಗೆ ಐವರು ಮನುಷ್ಯರು ಇಲ್ಲಿ ಉದಾಹರಣೆ. ಉದಾಹರಣೆಯೆಂದ ಕೂಡಲೇ ನೀತಿಕಥೆಯ ಬೊಂಬೆಗಳೆಂದು ಭಾವಿಸಬಾರದು. ಚಂಡಸೋಮನು ಹೆಂಡತಿಯ ಮೇಲಿನ ಸಂಶಯದಿಂದ ಕುದಿಯುವವನು. ಒಂದು ರಾತ್ರಿ ಆಟ ನೋಡಲು ಹೋದವನು ಅಲ್ಲಿ ಕಿವಿಗೆ ಬಿದ್ದ ಹೆಣ್ಣುಗಂಡಿನ ಮಾತನ್ನು ತನ್ನ ಹೆಂಡತಿಯದೆಂದು ತಿಳಿದು, ಕತ್ತಲೆಯಲ್ಲಿ ಕಾದು ನಿಂತು ಹೊಡೆಯುತ್ತಾನೆ. ಸತ್ತವರು ಅವನ ತಮ್ಮ ಮತ್ತು ತಂಗಿ. ಲೋಭದೇವನು ರತ್ನದ್ವೀಪದಿಂದ ಮರಳುವಾಗ ಪಾಲುಗಾರನನ್ನು ಸಮುದ್ರಕ್ಕೆ ನೂಕುತ್ತಾನೆ. ಮಾಯಾದಿತ್ಯನ ಕಥೆ ಇನ್ನೂ ಮನಮುಟ್ಟುವಂಥದು. ಸ್ಥಾಣು ಎಂಬ ಸರಳ ಗೆಳೆಯನ ಜೊತೆ ದುಡಿಯಲು ಪ್ರತಿಷ್ಠಾನಕ್ಕೆ ಹೋಗಿ, ರತ್ನಗಳೊಡನೆ ಹಿಂದಿರುಗುವಾಗ ಅವನನ್ನು ಬಾವಿಗೆ ತಳ್ಳುತ್ತಾನೆ. ಬದುಕಿ ಮೇಲೆ ಬಂದ ಸ್ಥಾಣು ಮಾಯಾದಿತ್ಯನ ಮೇಲೆ ಸಂಶಯವನ್ನೇ ಪಡುವುದಿಲ್ಲ. ಆಪತ್ತಿನಲ್ಲಿ ಸಿಕ್ಕ ಅವನನ್ನು ತಾನೇ ಬಿಡಿಸುತ್ತಾನೆ. ದ್ರೋಹಿಯನ್ನು ಒಡೆಯುವುದು ಶಿಕ್ಷೆಯಲ್ಲ, ಆ ಗೆಳೆಯನ ನಂಬಿಕೆ. ಐವರೂ ಧರ್ಮನಂದನ ಮುನಿಯ ಬಳಿ ದೀಕ್ಷೆ ಪಡೆದು, ಮುಂದಿನ ಜನ್ಮಗಳಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸಬೇಕೆಂದು ಮಾತು ಕೊಟ್ಟುಕೊಳ್ಳುತ್ತಾರೆ. ಇಡೀ ಕಥೆಯು ಆ ಮಾತಿನ ಬೆನ್ನು ಹತ್ತಿ ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ. ಅಪರಾಧಿಗಳೇ ಕೂಡಿ ಕಟ್ಟಿಕೊಂಡ ಬಳಗವೊಂದು ಹೀಗೆ ಅದ್ಭುತಕಥೆಯ ಕೇಂದ್ರವಾಗಿರುವುದು ಗಮನಾರ್ಹ.

ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿದ ಹರಿಷೇಣನ ‘ಬೃಹತ್ಕಥಾಕೋಶ’ವು ‘ವಡ್ಡಾರಾಧನೆ’ಗೆ ಹತ್ತಿರದ ಬಂಧು. ಕನ್ನಡದ ಈ 19 ಕಥೆಗಳ ಗದ್ಯಕೃತಿಯಲ್ಲಿ ಬರುವ ವಿದ್ಯುಚ್ಚೋರನನ್ನು ನಮ್ಮ ಕಿಶೋರರಿಗೆ ಪರಿಚಯಿಸದಿರುವುದು ನಿಜಕ್ಕೂ ನಷ್ಟ. ಮಿಥಿಲೆಯಲ್ಲಿ ಹಗಲು ತೊನ್ನನಾಗಿ ಬಿದ್ದಿರುವವನು ರಾತ್ರಿ ದಿವ್ಯರೂಪ ತಾಳಿ ಕದಿಯುತ್ತಾನೆ. ಅರಸನ ಹಾರ ಕಳುವಾದಾಗ ತಳಾರ ಯಮದಂಡನು ಅವನನ್ನೇ ಹಿಡಿದು ತರುತ್ತಾನೆ. ರಾತ್ರಿಯಿಡೀ ಚಿತ್ರಹಿಂಸೆ ಕೊಟ್ಟರೂ ಅವನು ಒಪ್ಪುವುದಿಲ್ಲ. ಬೆಳಗಾದ ಮೇಲೆ ತಾನೇ ಕಳ್ಳನೆಂದು ಹೇಳಿ, ತಾನು ರಾಜಕುಮಾರನೆಂದೂ ಈ ಯಮದಂಡ ತನ್ನ ಬಾಲ್ಯದ ಗೆಳೆಯನೆಂದೂ ತಿಳಿಸುತ್ತಾನೆ. ಓದುವ ದಿನಗಳಲ್ಲಿ ಒಬ್ಬ ಕಳ್ಳರ ವಿದ್ಯೆ ಕಲಿತಿದ್ದ, ಇನ್ನೊಬ್ಬ ಕಾಯುವವರ ವಿದ್ಯೆ ಕಲಿತಿದ್ದ. ನೀನು ಕಾಯುವ ಊರಿನಲ್ಲಿಯೇ ನಾನು ಕದಿಯುತ್ತೇನೆಂಬುದು ಅಂದಿನ ಪಂಥ. ಇಷ್ಟು ನೋವನ್ನು ಹೇಗೆ ತಾಳಿದೆಯೆಂದರೆ, ನರಕದ ನೋವನ್ನು ಮುನಿಗಳಿಂದ ಕೇಳಿ ಬಲ್ಲೆ, ಅದರ ಮುಂದೆ ಇದೇನೂ ಅಲ್ಲವೆನ್ನುತ್ತಾನೆ. ಅವನೇ ಮುಂದೆ ಮುನಿಯಾಗಿ ಘೋರ ಉಪಸರ್ಗವನ್ನು ಗೆಲ್ಲುತ್ತಾನೆ. ಕದಿಯುವಾಗಿನ ಹಟವೇ ತಪಸ್ಸಿಗೂ ಬಂಡವಾಳವಾಯಿತೆಂಬ ಸೂಚನೆ ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಗ್ರಂಥಸ್ಥ ಪರಂಪರೆಯನ್ನು ಬಿಟ್ಟು ಬಯಲಿಗೆ ಬಂದರೆ ಚಿತ್ರ ತುಸು ಬದಲಾಗುತ್ತದೆ. ಕುಲಗೋಡದ ತಮ್ಮಣ್ಣನಿಂದ ಜನಪ್ರಿಯವಾದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಖಳನೇ ಇಲ್ಲ. ಜಗಳ ಹಚ್ಚುವ ನಾರದ, ಮುನಿಸಿಕೊಳ್ಳುವ ಸತ್ಯಭಾಮೆ, ಇಬ್ಬರ ನಡುವೆ ನುಣುಚಿಕೊಳ್ಳುವ ಕೃಷ್ಣ ಇಷ್ಟರಿಂದಲೇ ಬೆಳತನಕ ಆಟ ನಡೆಯುತ್ತದೆ. ದೊಡ್ಡಾಟದಲ್ಲಿ ಹುಡುಗರು ನಿದ್ದೆಗಣ್ಣು ಉಜ್ಜಿಕೊಂಡು ಕಾಯುವುದು ರಾಕ್ಷಸನ ಪ್ರವೇಶಕ್ಕಾಗಿ. ಇದನ್ನು ವಿವರಿಸಬೇಕಿಲ್ಲ.

ಸಣ್ಣಾಟದ ‘ಸಂಗ್ಯಾ ಬಾಳ್ಯಾ’ ಮಾತ್ರ ಬೇರೆಯೇ. ಬೈಲಹೊಂಗಲದಲ್ಲಿ ನಡೆದ ಘಟನೆಯಿಂದ ಹುಟ್ಟಿ ಜಿಲ್ಲೆಯನ್ನೆಲ್ಲ ಸುತ್ತಿದ ಈ ಆಟದಲ್ಲಿ ಪರಸ್ತ್ರೀಯನ್ನು ಬಯಸಿದ ಸಂಗ್ಯಾನೂ ತಪ್ಪಿತಸ್ಥ, ಅವನಿಗೆ ಒಲಿದ ಗಂಗಾಳೂ ಪೂರ್ಣ ನಿರ್ದೋಷಿಯಲ್ಲ, ಕೊಲ್ಲುವ ಈರಣ್ಣನ ಕಡೆಗೂ ನ್ಯಾಯವಿದೆ. ಆದರೆ ಪ್ರೇಕ್ಷಕರ ಸಿಟ್ಟೆಲ್ಲ ಹರಿಯುವುದು ಜೀವದ ಗೆಳೆಯನನ್ನು ವೈರಿಗಳಿಗೆ ಒಪ್ಪಿಸಿದ ಬಾಳ್ಯಾನ ಮೇಲೆ. ಮಾಯಾದಿತ್ಯನೂ ಬಾಳ್ಯಾನೂ ಮಾಡಿದ್ದು ಒಂದೇ ಪಾಪ. ಪುರಾಣಕಾರನಿಗೆ ಜನ್ಮಾಂತರಗಳ ಅವಕಾಶವಿತ್ತು, ಅದರಿಂದ ದ್ರೋಹಿಯನ್ನು ತಿದ್ದುವ ವ್ಯವಧಾನವೂ ಇತ್ತು. ಸಣ್ಣಾಟದ ಕವಿಗೆ ಒಂದೇ ರಾತ್ರಿ. ಕೊಲೆಯಾದ ಮೇಲೆ ಆಟ ಮುಗಿಯಲೇಬೇಕು. ಬಾಳ್ಯಾನಿಗೆ ಆಮೇಲೆ ಏನಾಯಿತೆಂಬ ಪ್ರಶ್ನೆಯನ್ನು ಜನ ಮನೆಗೆ ಹೊತ್ತುಕೊಂಡು ಹೋಗುತ್ತಾರೆ.

ಕಂಪನಿ ನಾಟಕಗಳ ಕಾಲದಲ್ಲಿ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯನ್ನು ತಲುಪಿ, ಕುರುಕ್ಷೇತ್ರದ ಸೋತ ಪಕ್ಷದವರಿಗೂ ರಂಗದ ಮೇಲೆ ಮಾತು ಕೊಟ್ಟಿತು. 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದ ಬೇತಾಳನು ಪ್ರತಿ ಕಥೆಯ ತುದಿಯಲ್ಲಿ ಯಾರದು ತಪ್ಪು ಎಂದು ಕೇಳಿ ಒಂದೆರಡು ತಲೆಮಾರಿನ ಮಕ್ಕಳಿಗೆ ತರ್ಕ ಕಲಿಸಿದನು. ಆ ಪತ್ರಿಕೆ ಈಗಿಲ್ಲ. ದೊಡ್ಡಾಟ, ಸಣ್ಣಾಟಗಳ ಮೇಳಗಳೂ ಮೊದಲಿನಷ್ಟಿಲ್ಲ. ಹೀಗಾಗಿ ಈ ಸೀಮೆಯ ಹುಡುಗ ಹುಡುಗಿಯರಿಗೆ ಇಬ್ಬಗೆಯ ಮನಸ್ಸಿನ ಪಾತ್ರಗಳು ಇಂದು ಸಿಗುವುದು ಹೆಚ್ಚಾಗಿ ಹೊರನಾಡಿನ ಕಾದಂಬರಿ ಮತ್ತು ಚಲನಚಿತ್ರಗಳಲ್ಲಿ. ಅವನ್ನು ಓದುವುದರಲ್ಲಿ ತಪ್ಪೇನಿಲ್ಲ. ಸದಲಗಾದ ಹುಡುಗಿಗೆ ಸ್ನೇಪ್ ಗೊತ್ತಿದ್ದು, ತನ್ನ ಊರಿನವರೇ ಬೆಳಕಿಗೆ ತಂದ ಮಾಯಾದಿತ್ಯ ಗೊತ್ತಿಲ್ಲದಿರುವುದಷ್ಟೇ ಕೊರತೆ. ವಿದ್ವತ್ ಸಂಪಾದನೆಗಳು ಕಪಾಟಿನಲ್ಲಿ ಭದ್ರವಾಗಿವೆ. ಅವುಗಳಿಂದ ಹದಿಹರೆಯದವರಿಗೆಂದೇ ಸರಳ ಕನ್ನಡದ ಪುನಃಕಥನಗಳನ್ನು ಸಿದ್ಧಪಡಿಸುವುದು, ಅವನ್ನು ತಾಲ್ಲೂಕು ಗ್ರಂಥಾಲಯಗಳಿಗೆ ತಲುಪಿಸುವುದು ಅಕಾಡೆಮಿಗಳು ಕೈಗೊಳ್ಳಬಹುದಾದ ಕೆಲಸ.

ಅದು ಆಗದ ಕೆಲಸವೇನಲ್ಲವೆಂಬುದಕ್ಕೆ ಹತ್ತಿರದಲ್ಲಿಯೇ ಸಾಕ್ಷಿಯಿದೆ. ನೆರೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಸತ್ತ್ವವನ್ನು ಕಾದಂಬರಿಗೆ ತಂದು, ‘ಶಿಖರಸೂರ್ಯ’ದಲ್ಲಿ ಔಷಧವನ್ನೂ ವಿಷವನ್ನೂ ಬಲ್ಲ, ಅಧಿಕಾರದ ಹಸಿವಿಗೆ ವಿದ್ಯೆಯನ್ನು ಒತ್ತೆಯಿಟ್ಟ ವೈದ್ಯನೊಬ್ಬನನ್ನೇ ಕಥೆಯ ನಡುಮಧ್ಯೆ ನಿಲ್ಲಿಸಿದ್ದಾರೆ. ಶಿವಾಪುರ, ಕನಕಪುರಿಗಳ ಕಲ್ಪಿತ ಲೋಕದಲ್ಲಿ ಅವನು ಏರುವ ಒಂದೊಂದು ಮೆಟ್ಟಿಲನ್ನೂ ಓದುಗ ಭಯದಿಂದ, ಒಳಗೊಳಗೇ ಮೆಚ್ಚುಗೆಯಿಂದ ನೋಡುತ್ತಾನೆ. ಜನ್ಮಾಂತರದ ಆಸರೆ ಈ ಕಾದಂಬರಿಕಾರನಿಗಿಲ್ಲ. ಆದರೂ ಒಂದೇ ರಾತ್ರಿಯ ಆಟದ ಅವಸರ ಅವರಿಗಿಲ್ಲದ್ದರಿಂದ, ಸಣ್ಣಾಟವು ಬಾಳ್ಯಾನ ವಿಷಯದಲ್ಲಿ ಬಿಟ್ಟುಕೊಟ್ಟ ಎಡೆಯಲ್ಲಿ ಅವರು ನೂರಾರು ಪುಟ ನಿಲ್ಲುತ್ತಾರೆ.