ತಂತಿ ಹಿಡಿದು ಸಾಗಿದ ಬಸ್ಸು

ಮಂಗಳೂರಿನಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯು ಬಿ.ಸಿ.ರೋಡು, ಮೆಲ್ಕಾರುಗಳನ್ನು ದಾಟಿ ಕಲ್ಲಡ್ಕವನ್ನು ಸೇರುತ್ತದೆ. ಗಾಜಿನ ಲೋಟದಲ್ಲಿ ಪದರ ಪದರವಾಗಿ ನಿಲ್ಲುವ ಕೆ.ಟಿ. ಚಹಾದಿಂದ ನಾಡಿಗೆಲ್ಲ ಪರಿಚಿತವಾದ ಊರಿದು. ಶಿರಾಡಿ ಘಟ್ಟವನ್ನು ಹತ್ತಲು ಹೊರಟ ಬಸ್ಸು, ಲಾರಿ, ಟ್ಯಾಂಕರುಗಳೆಲ್ಲ ಬಹುಕಾಲದಿಂದ ಈ ಪೇಟೆಯನ್ನು ಹಾದೇ ಹೋಗಿವೆ. ಹೆದ್ದಾರಿಯನ್ನು ಅಗಲಗೊಳಿಸಿ ಮೇಲ್ಸೇತುವೆಯನ್ನು ಕಟ್ಟಿದ ವರ್ಷಗಳಲ್ಲಂತೂ ಇಲ್ಲಿನ ಅಂಗಡಿಯವರು, ಶಾಲಾಮಕ್ಕಳು, ವೃದ್ಧರು ಧೂಳನ್ನೂ ಹೊಗೆಯನ್ನೂ ಸಾಕಷ್ಟು ಉಂಡರು. ಜನರನ್ನು ಹೊತ್ತೊಯ್ಯುವ ವಾಹನವು ಜನರ ಉಸಿರನ್ನು ಕೆಡಿಸದೆ ಸಾಗಲಾರದೇ ಎಂಬ ಪ್ರಶ್ನೆ ಇಂತಹ ಊರುಗಳಲ್ಲಿ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಉತ್ತರವು ಇಂದು ನಿನ್ನೆಯದಲ್ಲ. ಹೊಗೆಯುಗುಳದ ಬಸ್ಸೊಂದು ನಮ್ಮ ದೇಶದ ನಗರಗಳಲ್ಲಿಯೇ ಓಡಾಡಿ ಮರೆಯಾಗಿದೆ. ಅದರ ಹೆಸರು ಟ್ರಾಲಿ ಬಸ್ಸು. ಅದು ಹೇಗೆ ಬಂದಿತು, ಏಕೆ ಹೋಯಿತು ಎಂಬುದನ್ನು ತಿಳಿಯುವುದು, ವಿದ್ಯುತ್ ಬಸ್ಸುಗಳು ಮತ್ತೆ ಬೀದಿಗಿಳಿದಿರುವ ಈ ಕಾಲದಲ್ಲಿ ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಎರಡು ತಂತಿಗಳ ರಹಸ್ಯ

ಟ್ರಾಮ್ ಗಾಡಿಯು ಕಬ್ಬಿಣದ ಹಳಿಯ ಮೇಲೆ ಓಡುತ್ತದೆ. ಮೇಲಿನ ಒಂದೇ ತಂತಿಯಿಂದ ಪಡೆದ ವಿದ್ಯುತ್ತು ಹಳಿಯ ಮೂಲಕ ಹಿಂದಿರುಗುತ್ತದೆ. ಟ್ರಾಲಿ ಬಸ್ಸಿಗಾದರೋ ಹಳಿಯಿಲ್ಲ, ಅದರ ಚಕ್ರಗಳು ರಬ್ಬರಿನವು. ಆದುದರಿಂದ ವಿದ್ಯುತ್ತು ಬರಲು ಒಂದು, ಹಿಂದಿರುಗಲು ಒಂದು, ಹೀಗೆ ಎರಡು ತಂತಿಗಳನ್ನು ಬೀದಿಯ ಮೇಲೆ ಎಳೆದಿರುತ್ತಾರೆ. ಬಸ್ಸಿನ ನೆತ್ತಿಯ ಮೇಲಿರುವ ಎರಡು ಉದ್ದನೆಯ ಕೋಲುಗಳು ಸ್ಪ್ರಿಂಗಿನ ಬಲದಿಂದ ಆ ತಂತಿಗಳನ್ನು ಒತ್ತಿ ಹಿಡಿದು, ಸುಮಾರು 600 ವೋಲ್ಟಿನ ವಿದ್ಯುತ್ತನ್ನು ಮೋಟಾರಿಗೆ ತಲುಪಿಸುತ್ತವೆ. ಕೋಲುಗಳು ಅತ್ತಿತ್ತ ತಿರುಗಬಲ್ಲವಾದ್ದರಿಂದ ಬಸ್ಸು ಕೊಂಚ ಬದಿಗೆ ಸರಿದು ನಿಂತ ಗಾಡಿಯನ್ನು ಬಳಸಿಕೊಂಡು ಹೋಗಬಲ್ಲುದು, ದಾರಿಬದಿಗೆ ಬಂದು ಪ್ರಯಾಣಿಕರನ್ನು ಹತ್ತಿಸಿಕೊಳ್ಳಬಲ್ಲುದು.

ಇಂತಹ ಬಸ್ಸಿಗೆ ಗಿಯರಿನ ತೊಡಕಿಲ್ಲ, ಎಂಜಿನ್ನಿನ ಗದ್ದಲವಿಲ್ಲ. ನಿಂತಲ್ಲಿಂದಲೇ ಪೂರ್ಣ ಬಲದಿಂದ ಹೊರಡುವ ಶಕ್ತಿ ವಿದ್ಯುತ್ ಮೋಟಾರಿಗಿರುವುದರಿಂದ ಏರುದಾರಿಗೆ ಇದು ಬಹಳ ಯೋಗ್ಯ. ಅಮೆರಿಕದ ಗುಡ್ಡಗಾಡಿನ ನಗರ ಸ್ಯಾನ್ ಫ್ರಾನ್ಸಿಸ್ಕೋ ಇಂದಿಗೂ ಇದನ್ನು ಕೈಬಿಡದಿರಲು ಇದೊಂದು ಮುಖ್ಯ ಕಾರಣ.

ಬರ್ಲಿನ್ನಿನಿಂದ ಮುಂಬಯಿಗೆ

1882ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವರ್ನರ್ ಫಾನ್ ಸೀಮೆನ್ಸ್ ಎಂಬ ತಂತ್ರಜ್ಞನು ಬರ್ಲಿನ್ನಿನ ಬಳಿ ತಂತಿಯಿಂದ ವಿದ್ಯುತ್ ಪಡೆದು ಓಡುವ ಗಾಡಿಯೊಂದನ್ನು ಪ್ರಯೋಗಿಸಿ ತೋರಿಸಿದನು. 1911ರಲ್ಲಿ ಇಂಗ್ಲೆಂಡಿನ ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ನಗರಗಳಲ್ಲಿ ಟ್ರಾಲಿ ಬಸ್ಸುಗಳು ಸಾರ್ವಜನಿಕ ಸೇವೆಗಿಳಿದವು. 1931ರಲ್ಲಿ ಲಂಡನ್ನಿಗೆ ಬಂದ ಈ ವ್ಯವಸ್ಥೆಯು ಮುಂದೆ ಜಗತ್ತಿನಲ್ಲಿಯೇ ಅತಿ ದೊಡ್ಡದೆನಿಸಿತು.

ನಮ್ಮ ದೇಶದಲ್ಲಿ ಮೊದಲು ಬಂದದ್ದು ವಿದ್ಯುತ್ ಟ್ರಾಮ್. ಮದರಾಸಿನಲ್ಲಿ 1895ರಲ್ಲಿ, ಮುಂಬಯಿಯಲ್ಲಿ 1907ರಲ್ಲಿ ಅದು ಓಡತೊಡಗಿತು. ಟ್ರಾಲಿ ಬಸ್ಸು ದೆಹಲಿಗೆ ಬಂದುದು 1935ರಲ್ಲಿ. 1962ರಲ್ಲಿ ದೆಹಲಿ ಅದನ್ನು ನಿಲ್ಲಿಸಿತು. ವಿಚಿತ್ರವೆಂದರೆ ಅದೇ 1962ರಲ್ಲಿ ಮುಂಬಯಿಯು ಟ್ರಾಲಿ ಬಸ್ಸನ್ನು ಆರಂಭಿಸಿತು! ನಗರಕ್ಕೆ ಬೆಳಕನ್ನೂ ಬಸ್ಸನ್ನೂ ಒದಗಿಸುತ್ತಿದ್ದ ‘ಬೆಸ್ಟ್’ ಸಂಸ್ಥೆಯು ಗೋವಾಲಿಯಾ ಟ್ಯಾಂಕಿನಿಂದ ಮಜಗಾಂವ್ ಡಾಕಿನವರೆಗೆ ಅದನ್ನು ಓಡಿಸಿತು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಹಳೆ ಮೊಳಗಿದ ಮೈದಾನವಿರುವ ತಾಣವೇ ಗೋವಾಲಿಯಾ ಟ್ಯಾಂಕ್. 1964ರ ಮಾರ್ಚಿ 31ರಂದು ಮುಂಬಯಿಯ ಟ್ರಾಮ್ ಕೊನೆಯ ಸಲ ಓಡಿತು. 1971ರ ಮಾರ್ಚಿಯಲ್ಲಿ ಟ್ರಾಲಿ ಬಸ್ಸೂ ಅದರ ಹಾದಿ ಹಿಡಿಯಿತು.

ಅದು ಕರಾವಳಿಯ ತರುಣರು ಮುಂಬಯಿಯತ್ತ ಹರಿದುಹೋಗುತ್ತಿದ್ದ ಕಾಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯಿಂದಲೂ ಹೋದವರು ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದರು. ಆ ತಲೆಮಾರಿನ ಹಿರಿಯರು ಮನೆಯಲ್ಲಿದ್ದರೆ, ತಂತಿ ಹಿಡಿದು ಸದ್ದಿಲ್ಲದೆ ಬರುತ್ತಿದ್ದ ಆ ಬಸ್ಸನ್ನು ಕಂಡಿದ್ದರೇ ಎಂದು ಮಕ್ಕಳು ಒಮ್ಮೆ ಕೇಳಿ ನೋಡಬೇಕು.

ಏಕೆ ನಿಂತಿತು?

ಕಾರಣಗಳು ಹಲವು. ತಂತಿಯಿರುವ ಬೀದಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಲು ಈ ಬಸ್ಸಿಗೆ ಆಗುತ್ತಿರಲಿಲ್ಲ. ತಿರುವಿನಲ್ಲಿ ಕೋಲು ತಂತಿಯಿಂದ ಜಾರಿದರೆ ಕೆಳಗಿಳಿದು ಅದನ್ನು ಮತ್ತೆ ಕೂಡಿಸಬೇಕಿತ್ತು. ಮುಂದಿನ ಬಸ್ಸು ಕೆಟ್ಟು ನಿಂತರೆ ಹಿಂದಿನವುಗಳೆಲ್ಲ ಕಾಯಬೇಕಿತ್ತು. ತಂತಿ, ಕಂಬ, ವಿದ್ಯುತ್ ಕೇಂದ್ರಗಳನ್ನು ದಿನನಿತ್ಯ ನೋಡಿಕೊಳ್ಳಬೇಕಿತ್ತು. ಇಷ್ಟೆಲ್ಲ ವೆಚ್ಚವು ಹತ್ತಾರು ಮಾರ್ಗಗಳಿಗೆ ಹಂಚಿಹೋದರೆ ಹಗುರ, ಒಂದೇ ಮಾರ್ಗಕ್ಕಾದರೆ ಭಾರ. ಆ ದಿನಗಳಲ್ಲಿ ಡೀಸೆಲ್ ಅಗ್ಗವಾಗಿತ್ತು, ಹೊಗೆಯ ಕೇಡನ್ನು ಲೆಕ್ಕಕ್ಕೆ ಹಿಡಿಯುವವರು ವಿರಳರಾಗಿದ್ದರು.

ಇದು ನಮ್ಮೊಬ್ಬರ ಕಥೆಯಲ್ಲ. ಲಂಡನ್ 1962ರಲ್ಲಿ, ಕೊಲಂಬೊ 1964ರಲ್ಲಿ ಟ್ರಾಲಿ ಬಸ್ಸಿಗೆ ವಿದಾಯ ಹೇಳಿದವು. ನೆರೆಯ ನೇಪಾಳದ ನಿದರ್ಶನವಂತೂ ಮನಮುಟ್ಟುವಂಥದು. 1975ರಲ್ಲಿ ಚೀನಾದ ನೆರವಿನಿಂದ ಕಾಠ್ಮಂಡುವಿನ ತ್ರಿಪುರೇಶ್ವರದಿಂದ ಸೂರ್ಯವಿನಾಯಕದವರೆಗೆ ಸುಮಾರು 13 ಕಿಲೋಮೀಟರ್ ದೂರ ಟ್ರಾಲಿ ಬಸ್ಸು ಆರಂಭವಾಯಿತು. ಪೆಟ್ರೋಲು, ಡೀಸೆಲುಗಳನ್ನು ಹೊರಗಿನಿಂದಲೇ ತರಬೇಕಾದ, ಆದರೆ ಜಲವಿದ್ಯುತ್ತಿಗೆ ಅನುಕೂಲವಾದ ನದಿಗಳುಳ್ಳ ಆ ನಾಡಿಗೆ ಇದಕ್ಕಿಂತ ಒಪ್ಪುವ ವಾಹನ ಇನ್ನಾವುದು? ಆದರೂ 2001ರಲ್ಲಿ ಸೇವೆ ನಿಂತಿತು. 2003ರಲ್ಲಿ ಭಾಗಶಃ ಪುನರಾರಂಭವಾದರೂ ಆ ದಶಕ ಮುಗಿಯುವುದರೊಳಗೆ ಪೂರ್ತಿ ಅಳಿಯಿತು. ಕಟ್ಟಲು ನೆರವು ಹೊರಗಿನಿಂದ ಬರಬಹುದು. ಕಟ್ಟಿದ್ದನ್ನು ಕಾಪಾಡುವ ಹೊಣೆ ಮಾತ್ರ ನಿತ್ಯದ್ದು, ಮನೆಯವರದ್ದೇ.

ಇನ್ನೊಂದು ಪಕ್ಕವನ್ನೂ ನೋಡೋಣ. ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಜಿನೀವಾ, ಲೊಸಾನ್ ನಗರಗಳು ತಂತಿಯನ್ನು ಬಿಡಲಿಲ್ಲ. ಶಾಂಘೈ ನಗರದಲ್ಲಿ 1914ರಲ್ಲಿ ತೊಡಗಿದ ಟ್ರಾಲಿ ಬಸ್ಸು ನೂರು ವರ್ಷಗಳನ್ನು ದಾಟಿದೆ. 1972ರಲ್ಲಿ ಇದನ್ನು ಕಿತ್ತೊಗೆದಿದ್ದ ಪ್ರಾಗ್ ನಗರವು 2024ರಲ್ಲಿ ತನ್ನ ವಿಮಾನ ನಿಲ್ದಾಣದ ಮಾರ್ಗಕ್ಕೆ ಹೊಸ ಬಗೆಯ ಟ್ರಾಲಿ ಬಸ್ಸುಗಳನ್ನು ಬಿಟ್ಟಿತು. ಇವು ತಂತಿಯಿರುವೆಡೆ ಓಡುತ್ತಲೇ ಬ್ಯಾಟರಿ ತುಂಬಿಕೊಂಡು, ತಂತಿಯಿಲ್ಲದೆಡೆ ಅದರ ಬಲದಿಂದ ಸಾಗುತ್ತವೆ. ಹಳೆಯ ತೊಡಕಿಗೆ ಹೊಸ ಬಿಡುಗಡೆ ದೊರೆತಂತಾಯಿತು.

ನಮ್ಮ ನಾಡಿನ ಪಾಲು

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಆ ವಿದ್ಯುತ್ತು ನಗರದ ಬೀದಿಯಲ್ಲಿ ಜನರನ್ನು ಸಾಗಿಸುವ ಕೆಲಸಕ್ಕೆ ಒದಗಲಿಲ್ಲ. 2011ರ ಅಕ್ಟೋಬರಿನಲ್ಲಿ ಓಡಿದ ಬೆಂಗಳೂರಿನ ಮೆಟ್ರೋ ರೈಲು, ಹಳಿಯ ಪಕ್ಕದ ಮೂರನೆಯ ಹಳಿಯಿಂದ ವಿದ್ಯುತ್ ಪಡೆಯುವ ಮೂಲಕ, ಚಲಿಸುತ್ತಲೇ ಶಕ್ತಿ ಪಡೆಯುವ ಅದೇ ತತ್ತ್ವವನ್ನು ಆಚರಣೆಗೆ ತಂದಿತು. 2022ರಲ್ಲಿ ಕೊಂಕಣ ರೈಲುಮಾರ್ಗದ ವಿದ್ಯುದೀಕರಣವು ಮುಗಿದು ನಮ್ಮ ಕರಾವಳಿಗೂ ತಂತಿ ಬಂದಿತು.

ಬಸ್ಸುಗಳಲ್ಲಿಯಾದರೋ ನಾವು ತಂತಿಯ ಬದಲು ಬ್ಯಾಟರಿಯನ್ನು ಆರಿಸಿಕೊಂಡೆವು. 2021ರ ಡಿಸೆಂಬರಿನಿಂದ ಬೆಂಗಳೂರು ನಗರದಲ್ಲಿ, 2023ರಿಂದ ಬೆಂಗಳೂರು ಮೈಸೂರು ನಡುವೆ, ಅನಂತರ ಮಡಿಕೇರಿ, ಚಿಕ್ಕಮಗಳೂರುಗಳಂತಹ ಮಲೆನಾಡಿನ ಊರುಗಳಿಗೂ ವಿದ್ಯುತ್ ಬಸ್ಸುಗಳು ಓಡತೊಡಗಿದವು. 2018ರಿಂದ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸುಗಳನ್ನು ಕಂಡ ಹುಬ್ಬಳ್ಳಿ ಧಾರವಾಡಗಳ ನಡುವೆ ವಿದ್ಯುತ್ ಚಾಲಿತ ಕ್ಷಿಪ್ರ ಸಾರಿಗೆಯ ಪ್ರಸ್ತಾವವು 2024ರಲ್ಲಿ ಚರ್ಚೆಗೆ ಬಂದಿತು.

ಇವೆಲ್ಲ ಸ್ವಾಗತಾರ್ಹವೇ. ಆದರೆ ಟ್ರಾಲಿ ಬಸ್ಸಿನ ಚರಿತ್ರೆ ನಮಗೊಂದು ಎಚ್ಚರಿಕೆಯನ್ನು ಕೊಡುತ್ತದೆ. ಬ್ಯಾಟರಿಗೂ ಆಯುಷ್ಯವುಂಟು, ಅದನ್ನು ತುಂಬುವ ಕೇಂದ್ರಗಳಿಗೂ ಪೋಷಣೆ ಬೇಕು, ದುರಸ್ತಿ ಬಲ್ಲ ಕೈಗಳು ಊರೂರಿನಲ್ಲಿ ತಯಾರಾಗಬೇಕು. ಉದ್ಘಾಟನೆಯ ದಿನ ಹೂಮಾಲೆ ಹಾಕಿಸಿಕೊಂಡ ಬಸ್ಸು ಹತ್ತು ವರ್ಷಗಳ ಬಳಿಕವೂ ಓಡುತ್ತಿರಬೇಕಾದರೆ ಡಿಪೋದಲ್ಲಿ ಇರುಳಿಡೀ ದುಡಿಯುವ ಮೆಕ್ಯಾನಿಕನ ಕೆಲಸಕ್ಕೆ ಮರ್ಯಾದೆ ದೊರೆಯಬೇಕು.

ಬಸವಾದಿ ಶರಣರು ಕಾಯಕದಲ್ಲಿ ಮೇಲು ಕೀಳೆಣಿಸಲಿಲ್ಲ. ಗಳಿಸಿದ್ದನ್ನು ಸಮಾಜದೊಡನೆ ಹಂಚಿಕೊಳ್ಳುವ ದಾಸೋಹವನ್ನು ಅದರ ಜೊತೆಗಿಟ್ಟರು. ಊರಿನವರೆಲ್ಲ ಒಂದೇ ವಾಹನದಲ್ಲಿ ಕುಳಿತು, ಮತ್ತೊಬ್ಬರ ಉಸಿರಿಗೆ ಕೇಡಾಗದಂತೆ ಪ್ರಯಾಣಿಸುವುದು ಇಂದಿನ ಕಾಲದ ದಾಸೋಹವೆಂದರೆ ತಪ್ಪಾಗಲಾರದು. ಮನೆಗೊಂದು ಸಾಲದೆ ಆಳಿಗೊಂದು ವಾಹನ ಬೇಕೆನ್ನುವ ನಮ್ಮ ಕುಟುಂಬಗಳು, ಪೇಟೆಗೆ, ಮಠಕ್ಕೆ, ಜಾತ್ರೆಗೆ ಹೊರಡುವಾಗ ವಾರಕ್ಕೊಮ್ಮೆಯಾದರೂ ಬಸ್ಸನ್ನು ಹತ್ತಬಾರದೇಕೆ? ಹತ್ತುವ ಜನರಿದ್ದರೆ ಮಾತ್ರ ಬಸ್ಸು ಉಳಿಯುತ್ತದೆ. ಬಸ್ಸು ಉಳಿದರೆ ಕಲ್ಲಡ್ಕದಂತಹ ನೂರಾರು ಹೆದ್ದಾರಿ ಪೇಟೆಗಳ ಮಕ್ಕಳಿಗೆ ಶುದ್ಧ ಗಾಳಿ ಉಳಿಯುತ್ತದೆ.