ಹಡಪ್ಸರ್ ಬಾನಿನಲ್ಲಿ ಎಂಜಿನ್ ಇಲ್ಲದ ಹಾರಾಟ: ಕ್ಯಾಮೆರಾ ಕಣ್ಣು ಯುವಜನರನ್ನು ಸೆಳೆದೀತೇ?

ಪುಣೆ: ಹಡಪ್ಸರ್ ಪರಿಸರದಲ್ಲಿ ಹೋಟೆಲು, ಕಾರ್ಖಾನೆ, ಐಟಿ ಕಚೇರಿಗಳಿಗಾಗಿ ನಿತ್ಯ ಓಡಾಡುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಆದರೆ ಅಲ್ಲಿನ ಎತ್ತರದ ಕಟ್ಟಡಗಳ ನಡುವೆ ಇನ್ನೂರು ಎಕರೆಗೂ ಮಿಕ್ಕಿದ ಬಯಲೊಂದು ಉಳಿದುಕೊಂಡಿದೆ ಎಂಬುದು ಅವರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಅದು ಕೇಂದ್ರ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದ ಗ್ಲೈಡಿಂಗ್ ಕೇಂದ್ರ. ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲೇ ಆರಂಭಗೊಂಡ ಈ ಕೇಂದ್ರದಲ್ಲಿ ಎಂಜಿನ್ ಇಲ್ಲದ ವಿಮಾನವನ್ನು ಹಾರಿಸಲು ಕಲಿತವರು ಅನೇಕರು. ದೊಡ್ಡವರ ಕೈ ಹಿಡಿದು ಬಂದು ಒಂದು ಸುತ್ತು ಹಾರಿ, ಮುಂದೆ ವಿಮಾನವನ್ನೇ ಬದುಕಾಗಿಸಿಕೊಂಡವರೂ ಉಂಟು.

ಹಾರುವುದು ಹೇಗೆ?

ಗ್ಲೈಡರನ್ನು ಮೇಲಕ್ಕೇರಿಸುವುದು ವಿಂಚ್ ಎಂಬ ಯಂತ್ರ. ಮೈದಾನದ ಇನ್ನೊಂದು ತುದಿಯಲ್ಲಿರುವ ಈ ಯಂತ್ರ ಉದ್ದನೆಯ ಉಕ್ಕಿನ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತಿದ್ದಂತೆ, ಹಗ್ಗಕ್ಕೆ ಸಿಕ್ಕಿಸಿದ ಗ್ಲೈಡರು ಗಾಳಿಪಟದಂತೆ ಮೇಲೇಳುತ್ತದೆ. ಸಾಕಷ್ಟು ಎತ್ತರ ಸಿಕ್ಕಿದೊಡನೆ ಪೈಲಟ್ ಹಗ್ಗ ಬಿಡಿಸಿಕೊಳ್ಳುತ್ತಾನೆ. ಅಲ್ಲಿಂದಾಚೆ ಗಾಳಿಯೇ ಗತಿ. ಸುಮ್ಮನೆ ಇಳಿದು ಬಂದರೆ ಕೆಲವೇ ನಿಮಿಷಗಳ ಹಾರಾಟ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ ಸಿಕ್ಕಿದರೆ ಅದರೊಳಗೆ ಸುತ್ತು ಹಾಕುತ್ತಾ ಗಂಟೆಗಟ್ಟಲೆ ಬಾನಿನಲ್ಲಿರಬಹುದು. ಹದ್ದುಗಳು ರೆಕ್ಕೆ ಬಡಿಯದೆ ತೇಲುವುದು ಕೂಡ ಹೀಗೆಯೇ. ಹಾಗಾಗಿ ಹದ್ದುಗಳ ಹಿಂಡು ಸುತ್ತುವ ಜಾಗವನ್ನು ಹುಡುಕುವುದು ಗ್ಲೈಡರ್ ಪೈಲಟ್‌ಗಳ ವಾಡಿಕೆ.

ಮಳೆ ನಕ್ಷತ್ರಗಳ ಹೆಸರು

ನಮ್ಮ ದೇಶದಲ್ಲೇ ರೂಪುಗೊಂಡ ಗ್ಲೈಡರುಗಳ ಹೆಸರು ಕೇಳಿದರೆ ಊರಿನ ರೈತಾಪಿ ಹಿರಿಯರಿಗೆ ಖುಷಿಯಾದೀತು. ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ! ಮಳೆಯ ಲೆಕ್ಕ ಹಾಕುವ ನಕ್ಷತ್ರಗಳೇ ಇಲ್ಲಿ ವಿಮಾನಗಳಾಗಿವೆ. ಎಸ್. ರಾಮಾಮೃತಂ ಅವರಂಥ ತಂತ್ರಜ್ಞರ ಶ್ರಮದ ಫಲವಾಗಿ ಇವುಗಳಲ್ಲಿ ಹೆಚ್ಚಿನವು ದಿಲ್ಲಿಯ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ರೂಪ ತಳೆದವು. 1961ರಲ್ಲಿ ಮೊದಲು ಹಾರಿದ ರೋಹಿಣಿಯಲ್ಲಿ ಗುರು ಮತ್ತು ಶಿಷ್ಯ ಅಕ್ಕಪಕ್ಕದಲ್ಲೇ ಕುಳಿತುಕೊಳ್ಳುವ ವ್ಯವಸ್ಥೆಯಿತ್ತು. ಆರ್ದ್ರಾ ಗ್ಲೈಡರುಗಳನ್ನು ತಯಾರಿಸಿದ್ದು ಎಚ್‌ಎಎಲ್‌ನ ಕಾನ್ಪುರ ಘಟಕ.

ಕರ್ನಾಟಕ ಮತ್ತು ಮಹಾರಾಷ್ಟ್ರದ ನಂಟು ಇಲ್ಲಿಯೂ ಇದೆ. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಮೈಸೂರು ಸರಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಕೊಲ್ಹಾಪುರ ಜಿಲ್ಲೆಯ ಡಾ. ವಿ. ಎಂ. ಘಾಟಗೆ ಅವರು ಎರಡನೇ ಮಹಾಯುದ್ಧದ ದಿನಗಳಲ್ಲಿ ಅಲ್ಲಿ ಸೈನಿಕರನ್ನು ಸಾಗಿಸುವ ಹತ್ತು ಸೀಟಿನ ಗ್ಲೈಡರೊಂದನ್ನು ವಿನ್ಯಾಸಗೊಳಿಸಿದರು. ಮುಂದೆ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಅವರದೇ ಕೊಡುಗೆ ಎಂಬುದು ಉಲ್ಲೇಖನೀಯ.

ಚಿತ್ರ ನೋಡಿ ಹಾರಿದವರು

ಹಾರಾಟದ ಚಿತ್ರಗಳು ಜನರನ್ನು ಸೆಳೆಯುವುದು ಇಂದು ನಿನ್ನೆಯ ಮಾತಲ್ಲ. ಜರ್ಮನಿಯ ಓಟ್ಟೊ ಲಿಲಿಯೆಂಥಾಲ್ 1891ರಿಂದ 1896ರವರೆಗೆ ಗುಡ್ಡದಿಂದ ಗ್ಲೈಡರು ಹಾರಿಸುತ್ತಿದ್ದಾಗ ತೆಗೆದ ಫೋಟೋಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದವು. ಮನುಷ್ಯ ಹಾರಬಲ್ಲ ಎಂದು ಜಗತ್ತು ನಂಬಿದ್ದು ಆ ಚಿತ್ರಗಳಿಂದ. ಅವರ ಕಾರ್ಯದಿಂದ ಪ್ರೇರಿತರಾದ ರೈಟ್ ಸಹೋದರರು 1900ರಿಂದ 1902ರವರೆಗೆ ಮೊದಲು ಗ್ಲೈಡರುಗಳಲ್ಲೇ ಕೈ ಪಳಗಿಸಿಕೊಂಡು, 1903ರಲ್ಲಿ ಎಂಜಿನ್ ಜೋಡಿಸಿದರು. ತಮ್ಮ ಪ್ರಯೋಗಗಳನ್ನು ಅವರು ತಾವೇ ಫೋಟೋ ತೆಗೆದಿಟ್ಟುಕೊಂಡಿದ್ದರು.

ಈಗ ಅಂಗೈಯಗಲದ ಕ್ಯಾಮೆರಾಗಳು ಬಂದಿವೆ. ಕಾಕ್‌ಪಿಟ್‌ನಲ್ಲಿ ಒಂದು, ರೆಕ್ಕೆಯ ತುದಿಯಲ್ಲಿ ಒಂದು ಕೂರಿಸಿದರೆ ನೆಲದಲ್ಲಿರುವವನಿಗೂ ಹಾರಾಟದ ಅನುಭವ ತಲಪುತ್ತದೆ. 2018ರಲ್ಲಿ ಅರ್ಜೆಂಟೀನಾದಲ್ಲಿ ಪರ್ಲಾನ್-2 ಎಂಬ ಗ್ಲೈಡರು 76,000 ಅಡಿಗೂ ಮೇಲೇರಿದ ಸಾಧನೆಯನ್ನು ಜಗತ್ತಿನ ವಿದ್ಯಾರ್ಥಿಗಳು ಪರದೆಯ ಮೇಲೆ ಕಂಡರು. ಕಲಿಯುವವರಿಗೂ ಇದು ಉಪಯುಕ್ತ. ಕೆಳಗಿಳಿದ ಮೇಲೆ ಗುರುವಿನ ಜತೆ ಕುಳಿತು, ಎಲ್ಲಿ ವೇಗ ತಪ್ಪಿತು, ತಿರುವು ಎಲ್ಲಿ ಕೆಟ್ಟಿತು ಎಂದು ನೋಡಿ ತಿದ್ದಿಕೊಳ್ಳಬಹುದು.

ಆದರೆ ಮನಬಂದಂತೆ ಚಿತ್ರೀಕರಿಸುವಂತಿಲ್ಲ. ಸರಕಾರಿ ವಿಮಾನ ನಿಲ್ದಾಣದಲ್ಲಾಗಲಿ, ಹಾರುತ್ತಿರುವ ವಿಮಾನದಿಂದಾಗಲಿ ಫೋಟೋ ತೆಗೆಯಲು ಲಿಖಿತ ಅನುಮತಿ ಬೇಕೆಂದು 1937ರ ವಿಮಾನ ನಿಯಮಾವಳಿಯ 13ನೇ ನಿಯಮ ಹೇಳಿದೆ. ಪ್ರಯಾಣಿಕ ವಿಮಾನದಲ್ಲಿ ಕುಳಿತವರಿಗೆ 2004ರಲ್ಲಿ ಕೆಲವು ಷರತ್ತುಗಳೊಂದಿಗೆ ವಿನಾಯಿತಿ ಸಿಕ್ಕಿತು. ಮೇಲಾಗಿ ಹಡಪ್ಸರ್‌ಗೆ ಸಮೀಪದ ಲೋಹೆಗಾಂವ್ ವಾಯುಪಡೆಯ ನೆಲೆ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳ ಕೆಂಪು ಮತ್ತು ಹಳದಿ ವಲಯಗಳನ್ನು ಮೊದಲು ನೋಡಿಕೊಳ್ಳಬೇಕು. ಚಿತ್ರದ ಆಸೆಗೆ ಪೈಲಟ್‌ನ ಗಮನ ಕ್ಯಾಮೆರಾದತ್ತ ಹೊರಳಿದರೆ ಅಪಾಯ ತಪ್ಪಿದ್ದಲ್ಲ.

ಆಟವಲ್ಲ, ಜೀವ ಉಳಿಸಿದ ವಿದ್ಯೆ

ಎಂಜಿನ್ ಇಲ್ಲದ ವಿಮಾನ ಕಲಿತು ಏನು ಪ್ರಯೋಜನ ಎಂದು ಹೆತ್ತವರು ಕೇಳುವುದು ಸಹಜ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಆಕಾಶದಲ್ಲೇ ಮುಗಿದುಹೋಯಿತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗ್ಲೈಡರ್ ಹಾರಾಟದಲ್ಲಿ ಪಳಗಿದವರಾಗಿದ್ದರು. ಅದೇ ವಿದ್ಯೆಯಿಂದ ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ವಿಮಾನವನ್ನಿಳಿಸಿ 69 ಮಂದಿಯ ಜೀವ ಉಳಿಸಿದರು. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್ ಕೈಕೊಟ್ಟಾಗ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಮಂದಿಯನ್ನು ಪಾರು ಮಾಡಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಕೂಡ ಗ್ಲೈಡರ್ ಹಾರಿಸಲು ಕಲಿತವರೇ.

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ವಾಯುಪಡೆಯ ಕೆಡೆಟ್‌ಗಳಿಗೆ ಹಾರಾಟದ ಮೊದಲ ಪಾಠ ಆಗುವುದು ಸೂಪರ್ ಡಿಮೋನಾ ಎಂಬ ಮೋಟಾರ್ ಗ್ಲೈಡರಿನಲ್ಲಿ. 2022ರಿಂದ ಅಲ್ಲಿ ಹುಡುಗಿಯರಿಗೂ ಪ್ರವೇಶ ದೊರೆತಿದ್ದು, ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂದಿದೆ. ಹತ್ತನೇ ತರಗತಿ ಪಾಸಾಗಿ 16 ವರ್ಷ ತುಂಬಿದ, ಆರೋಗ್ಯವಂತ ಹುಡುಗ ಹುಡುಗಿಯರು ವಿದ್ಯಾರ್ಥಿ ಪೈಲಟ್ ಪರವಾನಗಿಗೆ ಅರ್ಹರು.

ಮೈದಾನ ಉಳಿದರೆ ಮಾತ್ರ

ವಿಡಿಯೋ ನೋಡಿ ಬಂದವರು ನಿರಾಶರಾಗುವ ಸಾಧ್ಯತೆಯೂ ಇದೆ. ಪರದೆಯಲ್ಲಿ ಕಾಣುವುದು ಮೋಡ, ಬೆಟ್ಟ, ನೀಲಿ ಬಾನು ಮಾತ್ರ. ಹತ್ತು ನಿಮಿಷ ಹಾರಲು ಇಡೀ ದಿನ ಬಿಸಿಲಿನಲ್ಲಿ ಕಾಯಬೇಕು, ಗ್ಲೈಡರನ್ನು ತಳ್ಳಬೇಕು, ಹಗ್ಗ ಎಳೆದು ತರಬೇಕು, ಇನ್ನೊಬ್ಬರು ಹಾರುವಾಗ ರೆಕ್ಕೆಯ ತುದಿ ಹಿಡಿದು ಓಡಬೇಕು. ಒಬ್ಬನೇ ಹಾರಿದರೂ ಇದು ಹತ್ತು ಜನರ ಕೆಲಸ. ಆದ್ದರಿಂದ ಚಿತ್ರ ತೆಗೆಯುವವರು ನೆಲದ ಈ ದುಡಿಮೆಯನ್ನೂ ತೋರಿಸಿದರೆ, ಕಷ್ಟ ಗೊತ್ತಿದ್ದೂ ಬರುವ ಮಕ್ಕಳು ಸಿಕ್ಕಾರು.

ಅದಕ್ಕಿಂತಲೂ ದೊಡ್ಡ ಪ್ರಶ್ನೆ ಬಯಲಿನದು. ನಗರ ನಾಲ್ಕೂ ಕಡೆಯಿಂದ ಒತ್ತಿ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಇಲ್ಲಿನ ಹಾರಾಟ ಹಿಂದಿನಂತೆ ಎಡೆಬಿಡದೆ ನಡೆದಿಲ್ಲ. ಆಸಕ್ತರು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಚಿತ್ರ ನೋಡಿ ಆಸೆ ಹುಟ್ಟಿದ ಹುಡುಗನಿಗೆ ಹಾರುವ ಜಾಗವೇ ಇಲ್ಲವಾದರೆ ಚಿತ್ರದಿಂದ ಏನು ಫಲ? ಕೇಳುವವರಿಲ್ಲದ ಬಯಲು ಬಹುಕಾಲ ಬಯಲಾಗಿ ಉಳಿಯದು ಎಂಬುದು ಪುಣೆಯಲ್ಲಿ ನೆಲೆಸಿದ ಎಲ್ಲರೂ ಕಂಡ ಸತ್ಯ.

ಡಾಕ್ಟರು, ಎಂಜಿನಿಯರು ಎಂಬ ಎರಡೇ ದಾರಿಗಳನ್ನು ಮಕ್ಕಳ ಮುಂದಿಡುವ ನಮ್ಮ ಹೆತ್ತವರು ಈ ಮೂರನೆಯ ದಾರಿಯತ್ತಲೂ ಒಮ್ಮೆ ನೋಡಬೇಕಾಗಿದೆ. ಪುಣೆಯ ಕನ್ನಡ ಶಾಲೆಗಳು ಹಾಗೂ ತುಳು-ಕನ್ನಡಿಗರ ಸಂಘಟನೆಗಳು ವಾರ್ಷಿಕೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆ ಇಂಥ ಚಿತ್ರಗಳ ಪ್ರದರ್ಶನಕ್ಕೆ ಮೀಸಲಿಟ್ಟರೂ ಸಾಕು, ಸಭಾಂಗಣದಲ್ಲಿ ಕುಳಿತ ಒಂದಾದರೂ ಮಗು ಮರುದಿನ ಹದ್ದು ಸುತ್ತುವುದನ್ನು ಕಂಡು ತಲೆಯೆತ್ತಿ ನಿಂತೀತು.